ರಾತ್ರಿ ಎರಡರವರೆಗೆ ಮಗ್ಗಿಂಗ್

2020ರ ಜನವರಿಯ ಒಂದು ಬೆಳಿಗ್ಗೆ, ಇಂಗ್ಲೆಂಡಿನ ಲೀಡ್ಸ್ ನಗರದ ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ನಾನು ನಿದ್ದೆಗಣ್ಣಿನಲ್ಲೇ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ, ಎದುರು ಕೋಣೆಯ ಯಾರ್ಕ್‌ಶೈರ್ ಹುಡುಗಿ ಬಂದು, ರಾತ್ರಿಯೆಲ್ಲ ಎಲ್ಲಿದ್ದೆ ಎಂದು ವಿಚಾರಿಸಿದಳು. ಪರೀಕ್ಷೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ‘ನಾನೂ ನನ್ನ ಹೈದರಾಬಾದಿನ ಗೆಳತಿಯೂ ಎರಡು ಗಂಟೆಯವರೆಗೆ ಲೈಬ್ರರಿಯಲ್ಲಿ ಮಗ್ಗಿಂಗ್ ಮಾಡುತ್ತಿದ್ದೆವು’ ಎಂದೆ. ಆಕೆ ಕೈಯಲ್ಲಿದ್ದ ಹಾಲಿನ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟು, ‘ಯಾರನ್ನು?’ ಎಂದು ಕೇಳಿದಳು.

ಆಕೆಯ ಇಂಗ್ಲಿಷಿನಲ್ಲಿ ಮಗ್ಗಿಂಗ್ ಎಂದರೆ ದಾರಿಹೋಕರನ್ನು ಅಡ್ಡಗಟ್ಟಿ, ಹೆದರಿಸಿಯೋ ಹೊಡೆದೋ ಸುಲಿಗೆ ಮಾಡುವುದು ಎಂದು ತಿಳಿಯುವ ಹೊತ್ತಿಗೆ ನನ್ನ ಸಾಸಿವೆ ಸೀದು ಹೋಗಿತ್ತು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ‘ಮಗ್ ಹೊಡೆಯುವುದು’ ಎಂದರೆ ಅರ್ಥವಾಗಲಿ ಬಿಡಲಿ, ಪರೀಕ್ಷೆಯ ಹಿಂದಿನ ರಾತ್ರಿ ಪುಟಗಟ್ಟಲೆ ಉರು ಹೊಡೆಯುವುದು ಎಂದೇ ಅರ್ಥ. ಆ ಮಾತು ಬಾಲ್ಯದಲ್ಲಿ ಜಗಲಿಯ ಮೇಲೆ ಕೂತು ರಾಗವಾಗಿ ಒಪ್ಪಿಸಿದ ಮಗ್ಗಿಯಿಂದಲೇ ಹುಟ್ಟಿರಬೇಕು ಎಂದು ನಾನು ಬಹುಕಾಲ ನಂಬಿದ್ದೆ. ನಿಜಕ್ಕೂ ಅದು 19ನೆಯ ಶತಮಾನದ ಬ್ರಿಟಿಷ್ ವಿದ್ಯಾರ್ಥಿಗಳ ಆಡುಮಾತು. ಅವರಿಂದ ನಮಗೆ ಬಂದು ನಮ್ಮ ಹಾಸ್ಟೆಲುಗಳಲ್ಲಿ ಸುಖವಾಗಿ ಬೇರೂರಿದ್ದರೆ, ಹುಟ್ಟಿದ ಮನೆಯಲ್ಲಿ ಅದನ್ನು ಬಳಸುವವರು ಕಡಿಮೆಯಾಗಿದ್ದಾರೆ. ನಾನು ಅವರದೇ ಹಳೆಯ ನಾಣ್ಯವನ್ನು ಅವರ ಅಂಗಡಿಯಲ್ಲಿ ಕೊಡಲು ಹೋಗಿ ಕಳ್ಳಿ ಎನಿಸಿಕೊಂಡಿದ್ದೆ.

ಹಾಗಾದರೆ ನೀವು ಏನೆನ್ನುತ್ತೀರಿ ಎಂದು ಕೇಳಿದೆ. ‘ರಿವೈಸ್’ ಎಂದಳು. ಈ ಶಬ್ದದೊಂದಿಗೆ ಡಿಸೆಂಬರಿನಲ್ಲೇ ನನಗೊಂದು ಜಗಳವಾಗಿತ್ತು. ರಿವೈಸ್ ಮಾಡುತ್ತಿದ್ದೀಯಾ ಎಂದು ಯಾರೋ ಕೇಳಿದಾಗ, ಮೊದಲ ಸಲ ಓದಿಯೇ ಮುಗಿದಿಲ್ಲ, ಇನ್ನು ರಿವಿಜನ್ ಎಲ್ಲಿಂದ ಬರಬೇಕು ಎಂದು ಪ್ರಾಮಾಣಿಕವಾಗಿ ಉತ್ತರಿಸಿದ್ದೆ. ನಮಗೆ ಅದು ಎರಡನೆಯ ಓದು. ಅವರಿಗೆ ಪರೀಕ್ಷೆಗಾಗಿ ಓದುವ ಯಾವ ಓದಾದರೂ ರಿವಿಜನ್ನೇ, ಪುಸ್ತಕವನ್ನು ಆ ದಿನವೇ ಮೊದಲ ಬಾರಿಗೆ ತೆರೆದಿದ್ದರೂ ಸರಿ. ಕೊನೆಯ ಗಳಿಗೆಯಲ್ಲಿ ತುರುಕುವುದಕ್ಕೆ ‘ಕ್ರ್ಯಾಮ್’ ಇದೆ, ಒಂದು ವಿಷಯವನ್ನು ತರಾತುರಿಯಲ್ಲಿ ಓದಿಕೊಳ್ಳುವುದಕ್ಕೆ ‘ಸ್ವಾಟ್ ಅಪ್’ ಇದೆ ಎಂದು ಹೇಳಿ, ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ನೀನಂತೂ ಸ್ವಾಟ್’ ಎಂದು ಸೇರಿಸಿದಳು.

ನಾನು ಮ್ಯಾನೇಜ್‌ಮೆಂಟ್ ವಿದ್ಯಾರ್ಥಿನಿ. ಸ್ವಾಟ್ ಎಂದರೆ ಒಂದು ಸಂಸ್ಥೆಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ನಾಲ್ಕು ಚೌಕಗಳಲ್ಲಿ ಬರೆಯುವ ವಿಶ್ಲೇಷಣೆ ಎಂದಷ್ಟೇ ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಓದಿದ್ದೂ ಅದನ್ನೇ. ನನ್ನ ಯಾವ ಚೌಕದ ಬಗ್ಗೆ ಆಕೆ ಮಾತಾಡುತ್ತಿದ್ದಾಳೆ ಎಂದು ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ನಿಘಂಟು ತೆರೆದು ನೋಡಿದರೆ, ಈ ಸ್ವಾಟ್ ಬೆವರು ಎಂಬ ಅರ್ಥದ ‘ಸ್ವೆಟ್’ ಶಬ್ದದ ಇನ್ನೊಂದು ರೂಪ. ರಾಯಲ್ ಮಿಲಿಟರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ವಿಲಿಯಂ ವ್ಯಾಲೇಸ್ ಎಂಬ ಸ್ಕಾಟ್ಲೆಂಡಿನ ಪ್ರಾಧ್ಯಾಪಕರು ಸ್ವೆಟ್ ಎನ್ನುವುದನ್ನು ತಮ್ಮ ಊರಿನ ಉಚ್ಚಾರಣೆಯಲ್ಲಿ ಹೇಳುತ್ತಿದ್ದುದನ್ನು ಕೆಡೆಟ್‌ಗಳು ಅಣಕಿಸಿ ಸ್ವಾಟ್ ಮಾಡಿದರಂತೆ. ಈ ಕತೆ 1850ರ ಹೊತ್ತಿಗೇ ಅಚ್ಚಾಗಿತ್ತು. ಕತೆ ಎಷ್ಟು ನಿಜವೋ, ಬೆವರು ಮಾತ್ರ ನಿಜ. ಕಷ್ಟಪಟ್ಟು ಓದುವವರನ್ನು ಜರೆಯಲು ಇಂಗ್ಲಿಷರು ಆರಿಸಿಕೊಂಡದ್ದು ಬುದ್ಧಿಗೆ ಸಂಬಂಧಿಸಿದ ಶಬ್ದವನ್ನಲ್ಲ, ಬೆವರನ್ನು. ಬುದ್ಧಿವಂತರಿಗೆಂದು ಅವರಲ್ಲಿ ‘ಬಾಫಿನ್’ ಎಂಬ ಬೇರೆಯೇ ಶಬ್ದವಿದೆ. ಎರಡನೆಯ ಮಹಾಯುದ್ಧದಲ್ಲಿ ರಾಡಾರಿನಂತಹ ಕೆಲಸಗಳಲ್ಲಿ ತೊಡಗಿದ್ದ ವಿಜ್ಞಾನಿಗಳನ್ನು ವಾಯುಪಡೆಯವರು ಹಾಗೆ ಕರೆಯುತ್ತಿದ್ದರು, ಅದರಲ್ಲಿ ಗೇಲಿಯ ಜೊತೆಗೆ ಮೆಚ್ಚುಗೆಯೂ ಇತ್ತು. ಸ್ವಾಟ್‌ನಲ್ಲಿ ಆ ಮೆಚ್ಚುಗೆ ಇಲ್ಲ.

ಆ ದಿನ ರಾತ್ರಿ ಹತ್ತರ ಸುಮಾರಿಗೆ ಬ್ರದರ್ಟನ್ ಲೈಬ್ರರಿಗೆ ಹೋದೆ. 1936ರಲ್ಲಿ ತೆರೆದ ಆ ಗ್ರಂಥಾಲಯದ ಓದುವ ಕೋಣೆ ವೃತ್ತಾಕಾರದ್ದು. ಸುತ್ತಲೂ ಹಸಿರು ಅಮೃತಶಿಲೆಯ ಕಂಬಗಳು, ಮೇಲೆ ಗುಮ್ಮಟ, ಪುಟ ತಿರುವಿದರೂ ಕೇಳಿಸುವಷ್ಟು ಮೌನ. ಒಂದು ಕಂಬದ ಮರೆಯ ಮೇಜಿನಲ್ಲಿ ನಮ್ಮ ಯಾರ್ಕ್‌ಶೈರಿನ ಹುಡುಗಿ ಕೂತಿದ್ದಳು. ಹಳದಿ, ಗುಲಾಬಿ, ಹಸಿರು ಹೈಲೈಟರ್‌ಗಳು ಸಾಲಾಗಿದ್ದವು, ಪಕ್ಕದಲ್ಲಿ ಚಹಾದ ಫ್ಲಾಸ್ಕ್ ಇತ್ತು. ಬೆರಳ ತುದಿಗಳಿಗೆ ಶಾಯಿ ಮೆತ್ತಿತ್ತು, ಇಸ್ಪೀಟಿನ ಎಲೆಯಷ್ಟು ಚಿಕ್ಕ ಕಾರ್ಡುಗಳ ಕಟ್ಟು ಒಂದು ಗೇಣು ಎತ್ತರವಿತ್ತು. ನನ್ನನ್ನು ಕಂಡವಳೇ ತುಟಿಯ ಮೇಲೆ ಬೆರಳಿಟ್ಟಳು. ಲೈಬ್ರರಿಯ ಮೌನಕ್ಕಾಗಿ ಎಂದುಕೊಂಡೆ. ಮರುದಿನ ಅಡುಗೆಮನೆಯಲ್ಲಿ ಉಳಿದ ಮೂವರ ಮುಂದೆ ಆಕೆ, ‘ನಾನು ಏನೂ ಓದಿಲ್ಲ, ಮುಳುಗಿದೆ’ ಎಂದು ನಗುತ್ತ ಹೇಳಿದಾಗಲೇ ಆ ಬೆರಳಿನ ಅರ್ಥ ಹೊಳೆದದ್ದು. ಓದುವುದಕ್ಕೆ ಅಲ್ಲಿ ಯಾರ ಅಡ್ಡಿಯೂ ಇಲ್ಲ, ಓದಿದ್ದು ಕಾಣಬಾರದು.

ಹಿಂದಿನ ವರ್ಷ ಸ್ವಾಟ್ ಎಂಬ ಈ ಶಬ್ದ ಪತ್ರಿಕೆಗಳಲ್ಲೂ ಓಡಾಡಿತ್ತು. 2019ರ ಆಗಸ್ಟಿನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಕಡತವೊಂದರಲ್ಲಿ ತಮ್ಮ ಹಿಂದಿನ ಪ್ರಧಾನಿಗಳಲ್ಲೊಬ್ಬರಾದ ಡೇವಿಡ್ ಕ್ಯಾಮರನ್ ಅವರನ್ನು ‘ಗರ್ಲಿ ಸ್ವಾಟ್’, ಅಂದರೆ ಹುಡುಗಿಯರ ಹಾಗೆ ಓದುವವನು, ಎಂದು ಕೈಬರಹದಲ್ಲಿ ಬರೆದಿದ್ದು ಅವರು ಸಂಸತ್ತನ್ನು ಅಮಾನತಿನಲ್ಲಿಟ್ಟದ್ದರ ವಿರುದ್ಧದ ಮೊಕದ್ದಮೆಯ ದಾಖಲೆಗಳಿಂದ ಹೊರಬಿತ್ತು. ಇಬ್ಬರೂ ಈಟನ್ ಶಾಲೆಯವರು, ಇಬ್ಬರೂ ಆಕ್ಸ್‌ಫರ್ಡಿನವರು. ಕ್ಯಾಮರನ್ ಪ್ರಥಮ ದರ್ಜೆ ಪಡೆದಿದ್ದರು, ಜಾನ್ಸನ್‌ಗೆ ಅದು ದಕ್ಕಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಆ ಅಮಾನತು ಕಾನೂನುಬಾಹಿರ ಎಂಬ ತೀರ್ಪನ್ನು ಓದಿದ ಸುಪ್ರೀಂ ಕೋರ್ಟಿನ ಅಧ್ಯಕ್ಷೆ ಲೇಡಿ ಹೇಲ್, ಮುಂದೆ ಒಂದು ಸಭೆಯಲ್ಲಿ ಗರ್ಲಿ ಸ್ವಾಟ್‌ಗಳಿಗೆ ಬಹಿರಂಗವಾಗಿ ಜಯಕಾರ ಹಾಕಿದರು. ಅದನ್ನು ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಮ್ಮಲ್ಲೂ ಓದುವವರನ್ನು ಗೇಲಿ ಮಾಡದೆ ಬಿಡುವುದಿಲ್ಲ. ನನ್ನನ್ನು ಹಾಸ್ಟೆಲಿನಲ್ಲಿ ‘ಕುಡುಮಿ’ ಎಂದೇ ಕರೆಯುತ್ತಿದ್ದರು. ಕುಡುಮಿ ಎಂದರೆ ಜುಟ್ಟು. ಹಿಂದೆ ನಿದ್ದೆ ತೂಗಬಾರದೆಂದು ಜುಟ್ಟನ್ನು ಗೋಡೆಯ ಮೊಳೆಗೆ ಕಟ್ಟಿಕೊಂಡು ಓದುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದರು. ಆದರೆ ಕುಡುಮಿಯ ನೋಟ್ಸಿಗಾಗಿ ಪರೀಕ್ಷೆಯ ಹಿಂದಿನ ದಿನ ಬಾಗಿಲ ಮುಂದೆ ಸಾಲು ನಿಲ್ಲುತ್ತಿತ್ತು, ಮತ್ತು ನಮ್ಮಲ್ಲಿ ಆ ಮೊಳೆ ಎಲ್ಲರಿಗೂ ಕಾಣುವಂತಿರಬೇಕು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಬೀದಿಯ ಕಡೆಯ ಕೋಣೆಯಲ್ಲೇ ದೀಪ ಹಾಕಿ ಕೂರಿಸುತ್ತಿದ್ದಳು. ಹಿತ್ತಲ ಕೋಣೆ ಬೆಚ್ಚಗಿರುತ್ತದೆ ಎಂದರೆ, ‘ಅಲ್ಲಿ ಕೂತರೆ ಓದಿದ ಹಾಗಾಗುವುದಿಲ್ಲ’ ಎನ್ನುತ್ತಿದ್ದಳು. ಎಷ್ಟೋ ಮುಂಜಾನೆ ನಾನು ಆ ದೀಪದ ಕೆಳಗೆ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. ಬೀದಿಗೆ ಮಾತ್ರ ಓದುತ್ತಿದ್ದೆ.

ಕೊನೆಯ ಪತ್ರಿಕೆಯ ಹಿಂದಿನ ಸಂಜೆ, ನಾಲ್ಕೂವರೆಗೇ ಕತ್ತಲಾಗಿದ್ದಾಗ, ಯಾರೋ ನನ್ನ ಬಾಗಿಲನ್ನು ಉಗುರಿನಿಂದ ತಟ್ಟಿದರು. ತೆರೆದರೆ ಎದುರು ಕೋಣೆಯವಳು, ಕೋಟಿನೊಳಗೆ ಏನನ್ನೋ ಅವುಚಿಕೊಂಡು ನಿಂತಿದ್ದಳು; ಕಾಲರಿನ ಸಂದಿಯಿಂದ ಆ ಕಾರ್ಡುಗಳ ಕಟ್ಟು ಇಣುಕುತ್ತಿತ್ತು. ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ, ‘ಮಗ್ಗಿಂಗಿಗೆ ಬರುತ್ತೀಯಾ?’ ಎಂದಳು.