ಕಾಗದ ಸುಡದವರ ಊರಲ್ಲಿ ಎರಡು ದಿನ

ಬಾಸ್ಟನ್‌ಗೆ ಹೋಗಿದ್ದು 2018ರ ಅಕ್ಟೋಬರ್‌ನಲ್ಲಿ, ಎಲೆಗಳು ಬಣ್ಣ ಬದಲಿಸುವುದನ್ನು ನೋಡೋಣ ಅಂತ. ಅಣ್ಣನ ಮಗಳು ಅಲ್ಲಿ ಓದುತ್ತಿದ್ದಳು. ನಾನು ಇಳಿದ ಮಾರನೇ ದಿನವೇ ಮಳೆ ಹಿಡಿಯಿತು. ಬೆಟ್ಟದ ಕಡೆ ಹೋಗುವ ಮಾತೇ ಇಲ್ಲ.

"ಚಿಕ್ಕಪ್ಪ, ನಿಮಗೆ ಹಳೇ ಕಾಗದ ಪತ್ರ ಅಂದ್ರೆ ಪ್ರಾಣ ಅಲ್ವಾ? ಕ್ವಿನ್ಸಿಗೆ ಹೋಗೋಣ. ಟ್ರೈನಲ್ಲೇ ಹೋಗಬಹುದು," ಅಂದಳು.

ಟ್ರೈನಲ್ಲಿ ಹೋಗಬಹುದು ನಿಜ, ಸರಿಯಾದ ಟ್ರೈನ್ ಹತ್ತಿದರೆ. ಅಲ್ಲಿನ ರೆಡ್ ಲೈನ್ ಮಧ್ಯದಲ್ಲಿ ಎರಡಾಗಿ ಒಡೆಯುತ್ತದೆ, ಒಂದು ಆಶ್‌ಮಾಂಟ್ ಕಡೆಗೆ, ಇನ್ನೊಂದು ಬ್ರೇನ್‌ಟ್ರೀ ಕಡೆಗೆ. ನಾವು ಮಾತಾಡುತ್ತಾ ಆಶ್‌ಮಾಂಟ್ ಗಾಡಿ ಹತ್ತಿದ್ದೆವು. ಇಳಿದು, ವಾಪಸ್ ಬಂದು, ಚಳಿಯಲ್ಲಿ ನಿಂತು, ಬ್ರೇನ್‌ಟ್ರೀ ಗಾಡಿ ಹಿಡಿದು ಕ್ವಿನ್ಸಿ ಸೆಂಟರ್‌ನಲ್ಲಿ ಇಳಿಯುವಾಗ ಹನ್ನೊಂದು ಗಂಟೆ. ಅಂದಹಾಗೆ ಊರಿನವರು ಅದನ್ನು ಕ್ವಿನ್ಸಿ ಅನ್ನುವುದಿಲ್ಲ, 'ಕ್ವಿಂಝಿ' ಅನ್ನುತ್ತಾರೆ.

ಈ ಊರು ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಆರನೇ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಇಬ್ಬರದ್ದೂ. ಅಪ್ಪ, ಮಗ. ಸ್ಟೇಷನ್ ಹತ್ತಿರದಲ್ಲೇ ಅವರ ಮನೆಗಳನ್ನು ನೋಡಿಕೊಳ್ಳುವ ಪಾರ್ಕ್ ಇಲಾಖೆಯ ಕಚೇರಿ ಇತ್ತು. ಅಲ್ಲಿಂದ ಒಂದು ಪುಟ್ಟ ಬಸ್ಸಿನಲ್ಲಿ ಮನೆಯಿಂದ ಮನೆಗೆ ಕರೆದೊಯ್ದರು. ಮೊದಲು ಇಬ್ಬರೂ ಹುಟ್ಟಿದ ಎರಡು ಮರದ ಮನೆಗಳು, ಒಂದರ ಪಕ್ಕ ಒಂದು. ತಗ್ಗು ಸೂರು, ಇಕ್ಕಟ್ಟು ಮೆಟ್ಟಿಲು. ಮಗ ಹುಟ್ಟಿದ ಮನೆಯ ಒಂದು ಕೋಣೆ ಅಪ್ಪನ ವಕೀಲಿ ಆಫೀಸು. 1779ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸಂವಿಧಾನದ ಕರಡು ಬರೆದಿದ್ದು ಅಲ್ಲಿ. ಅದು ಇವತ್ತಿಗೂ ಚಾಲ್ತಿಯಲ್ಲಿದೆ. ನಮ್ಮ ಊರಿನ ವಕೀಲರ ಆಫೀಸು ಇದಕ್ಕಿಂತ ದೊಡ್ಡದಾಗಿತ್ತು ಅಂತ ನೆನಪಾಯಿತು.

ನನಗೆ ನೋಡಬೇಕಿದ್ದುದು ಪೀಸ್‌ಫೀಲ್ಡ್. ಆಡಮ್ಸ್ ಕುಟುಂಬ 1788ರಲ್ಲಿ ಬಂದು, 1927ರವರೆಗೂ ಬಾಳಿದ ದೊಡ್ಡ ಮನೆ. ಮನೆ ಚೆನ್ನಾಗಿದೆ, ಕುರ್ಚಿ ಮೇಜು ಪಿಂಗಾಣಿ ಎಲ್ಲಾ ಇವೆ, ಅದನ್ನು ಬಿಡಿ. ಅದರ ಪಕ್ಕದಲ್ಲಿ ತೋಟದ ಅಂಚಿಗೆ ಬೇರೆಯಾಗಿ ಒಂದು ಕಲ್ಲಿನ ಕಟ್ಟಡ ನಿಂತಿದೆ. ಸ್ಟೋನ್ ಲೈಬ್ರರಿ. ನನ್ನ ಪುಸ್ತಕ, ಕಾಗದಗಳನ್ನು ಬೆಂಕಿ ತಾಗದ ಹಾಗೆ ಮನೆಯಿಂದ ಬೇರೆ ಕಟ್ಟಡದಲ್ಲಿ ಇಡಿ ಅಂತ ಮಗ ಆಡಮ್ಸ್ ಉಯಿಲಿನಲ್ಲಿ ಬರೆದಿಟ್ಟಿದ್ದ. ಅವನ ಮಗ 1870ರಲ್ಲಿ ಅದನ್ನು ಕಟ್ಟಿಸಿದ. ಸೌದೆ ಒಲೆ, ಎಣ್ಣೆ ದೀಪದ ಕಾಲ. ಮರದ ಮನೆಯಲ್ಲಿ ಕಾಗದ ಇಟ್ಟುಕೊಂಡವನ ಭಯ ಅರ್ಥವಾಗುತ್ತದೆ.

ಒಳಗೆ ಹೋದರೆ ಕಲ್ಲುನೆಲ, ಸೂರಿನವರೆಗೆ ಪುಸ್ತಕ. ಹನ್ನೆರಡು ಸಾವಿರಕ್ಕೂ ಜಾಸ್ತಿ. ಮಾತಾಡುತ್ತಿದ್ದವರೆಲ್ಲ ಒಳಗೆ ಕಾಲಿಟ್ಟ ಕೂಡಲೇ ದನಿ ಇಳಿಸಿದರು, ಗೈಡ್ ಹೇಳುವ ಮೊದಲೇ. ಆಮಿಸ್ಟಾಡ್ ಹಡಗಿನ ಆಫ್ರಿಕನ್ ಬಂದಿಗಳ ಪರವಾಗಿ 1841ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿ ಗೆದ್ದ ಈ ಮುದುಕ ಜಾನ್ ಕ್ವಿನ್ಸಿಗೆ ಅವರು ಕೊಟ್ಟ ಬೈಬಲ್ ಕೂಡ ಈ ಲೈಬ್ರರಿಯದ್ದೇ.

ಆದರೆ ಕಾಗದಗಳು ಈಗ ಇಲ್ಲಿಲ್ಲ. ಮನೆತನದವರು ಅವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಬಾಸ್ಟನ್‌ಗೆ ಸಾಗಿಸಿದರು. ಅಲ್ಲಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿಟ್ಟರೂ ಬೀಗದ ಕೈ ಮಾತ್ರ ತಮ್ಮ ಬಳಿಯೇ ಇಟ್ಟುಕೊಂಡರು. 1905ರಲ್ಲಿ ಒಂದು ಟ್ರಸ್ಟ್ ಮಾಡಿ ಐವತ್ತು ವರ್ಷ ಹಾಗೇ ಕಾದು, 1956ರಲ್ಲಿ ಪೂರ್ತಿ ಸೊಸೈಟಿಗೆ ಬಿಟ್ಟುಕೊಟ್ಟರು.

ಸ್ಟೇಷನ್‌ಗೆ ವಾಪಸ್ ಬರುವ ದಾರಿಯಲ್ಲಿ ಚರ್ಚ್ ಇದೆ. ಅದರ ನೆಲಮಾಳಿಗೆಯಲ್ಲಿ ಇಬ್ಬರು ಅಧ್ಯಕ್ಷರು, ಅವರ ಹೆಂಡತಿಯರು, ನಾಲ್ಕು ಕಲ್ಲಿನ ಸಮಾಧಿ. ಅಪ್ಪ ತೀರಿಕೊಂಡಿದ್ದು 1826ರ ಜುಲೈ 4. ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಐವತ್ತು ವರ್ಷ. ಅದೇ ದಿನ ವರ್ಜೀನಿಯಾದಲ್ಲಿ, ಆ ಘೋಷಣೆ ಬರೆದ ಮೂರನೇ ಅಧ್ಯಕ್ಷ ಜೆಫರ್ಸನ್ ಕೂಡ ಹೋದ. ಕಥೆಗಾರ ಹೀಗೆ ಬರೆದರೆ ನಾವು ನಂಬುತ್ತಿರಲಿಲ್ಲ.

ಮಾರನೇ ದಿನವೂ ಮಳೆ. ಬಾಯ್ಲ್‌ಸ್ಟನ್ ಬೀದಿ, 1154ನೇ ನಂಬರ್. 1791ರಲ್ಲಿ ಶುರುವಾದ ಹಿಸ್ಟಾರಿಕಲ್ ಸೊಸೈಟಿ, ಅಮೆರಿಕದಲ್ಲೇ ಹಳೆಯದು. ನನ್ನಂಥ ದಾರಿಹೋಕನನ್ನು ಒಳಗೆ ಬಿಡುತ್ತಾರಾ ಅಂತ ಅನುಮಾನ ಇತ್ತು. ಬಿಟ್ಟರು. ಗುರುತಿನ ಚೀಟಿ ತೋರಿಸಿ ಹೆಸರು ಬರೆಸಬೇಕು, ಬ್ಯಾಗು ಕೋಟು ಲಾಕರ್‌ನಲ್ಲಿ, ಪೆನ್ನು ನಿಷೇಧ, ಪೆನ್ಸಿಲ್ ಮಾತ್ರ. ಜೇಬಿನಲ್ಲಿದ್ದ ಪೆನ್ನನ್ನು ತೆಗೆದಿಡುವಾಗ ಪರೀಕ್ಷೆಗೆ ಹೋಗುವ ಹುಡುಗನ ಹಾಗೆ ಅನ್ನಿಸಿತು.

ಆಡಮ್ಸ್ ಡೈರಿಯ ಮೂಲ ಪ್ರತಿ ಕೈಗೆ ಸಿಗಲಿಲ್ಲ. ಮನೆತನದ ಕಾಗದಗಳೆಲ್ಲವನ್ನೂ 1950ರ ದಶಕದಲ್ಲೇ ಮೈಕ್ರೋಫಿಲ್ಮ್ ಮಾಡಿದ್ದಾರೆ, ಒಟ್ಟು 608 ಸುರುಳಿ. ಮಗನ ಡೈರಿಯನ್ನಂತೂ ಪುಟಪುಟವಾಗಿ ಅಂತರ್ಜಾಲದಲ್ಲೇ ಹಾಕಿದ್ದಾರೆ. ಹಾಗಾದರೆ ಮೈಸೂರಿನಲ್ಲೇ ಕೂತು ನೋಡಬಹುದಿತ್ತಲ್ಲ ಅಂದಳು ಹುಡುಗಿ. ನೋಡಬಹುದಿತ್ತು. ಆದರೆ ನೋಡಿರಲಿಲ್ಲ, ಅಲ್ವಾ?

ಆ ಡೈರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. 1778ರಲ್ಲಿ ಹನ್ನೊಂದು ವರ್ಷದ ಹುಡುಗ ಅಪ್ಪನ ಜೊತೆ ಪ್ಯಾರಿಸ್ ಹತ್ತಿರ ಇದ್ದ. ಅಪ್ಪ ಡೈರಿ ಬರೆ ಅಂತ ಹಿಂದೆ ಬಿದ್ದಿದ್ದಾರೆ, ದೊಡ್ಡವನಾದ ಮೇಲೆ ಓದಿದರೆ ನನ್ನ ಹುಡುಗಾಟಿಕೆ ನನಗೇ ನಾಚಿಕೆ ತರಿಸುತ್ತದೆ ಅಂತ ಅಮ್ಮನಿಗೆ ಕಾಗದ ಬರೆಯುತ್ತಾನೆ. ಆದರೂ ಮುಂದಿನ ವರ್ಷ ನವೆಂಬರ್ 12ಕ್ಕೆ ಶುರು ಮಾಡಿದ. ನಡುವೆ ಊರಿಗೆ ಬಂದು ಮತ್ತೆ ಫ್ರಾನ್ಸ್‌ಗೆ ಹೊರಟಿದ್ದ ಹೊತ್ತು ಅದು. ಡೈರಿಗೆ ಸಿಕ್ಕ ಮೊದಲ ಪ್ರಯಾಣವೇ ಗಂಡಾಂತರದ್ದು. ಫ್ರೆಂಚ್ ಹಡಗು ಸೋರತೊಡಗಿ, ಪ್ರಯಾಣಿಕರೂ ಸೇರಿ ಪಂಪು ಹೊಡೆದು, ಹೇಗೋ ಸ್ಪೇನಿನ ದಡ ಸೇರಿ, ಅಲ್ಲಿಂದ ಚಳಿಗಾಲದಲ್ಲಿ ಹೇಸರಗತ್ತೆಗಳ ಜೊತೆ ಬೆಟ್ಟ ದಾಟಿ ಪ್ಯಾರಿಸ್‌ಗೆ ಹೋದರು. ಎಳೆಯ ಕೈಬರಹ, ನಡುವೆ ಹಡಗಿನ ಚಿತ್ರ ಗೀಚಿದ್ದಾನೆ.

ಶುರು ಮಾಡಿದವನು ನಿಲ್ಲಿಸಲೇ ಇಲ್ಲ. 1848ರಲ್ಲಿ ಸಾಯುವವರೆಗೆ, 51 ಸಂಪುಟ, ಹದಿನಾಲ್ಕು ಸಾವಿರ ಪುಟದ ಮೇಲೆ. ರಾಯಭಾರಿ, ವಿದೇಶಾಂಗ ಮಂತ್ರಿ, ಅಧ್ಯಕ್ಷ, ಆಮೇಲೆ ಹದಿನೇಳು ವರ್ಷ ಸಾಮಾನ್ಯ ಸಂಸದ, ಏನಾಗಿದ್ದರೂ ಡೈರಿ. ಸಮಯವಿಲ್ಲದಾಗ ದಿನಕ್ಕೆ ಒಂದೇ ಸಾಲು ಗುರುತು ಹಾಕಿಕೊಂಡು ಆಮೇಲೆ ತುಂಬಿಸುತ್ತಿದ್ದ. ಬಾಕಿ ಬಿದ್ದಾಗ ತನ್ನನ್ನೇ ಬೈದುಕೊಳ್ಳುತ್ತಾನೆ. 2009ರ ಆಗಸ್ಟ್‌ನಿಂದ ಸೊಸೈಟಿಯವರು ಆ ಒಂದು ಸಾಲಿನ ಡೈರಿಯನ್ನು, ಸರಿಯಾಗಿ ಇನ್ನೂರು ವರ್ಷದ ನಂತರ, ದಿನಕ್ಕೊಂದರಂತೆ ಟ್ವಿಟರ್‌ನಲ್ಲಿ ಹಾಕತೊಡಗಿದರು. ಆ ಒಂದು ಸಾಲು ಅಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ನನ್ನ ಕಥೆ ಕೇಳಿ. ಪ್ರತಿ ವರ್ಷ ಯಾರೋ ಒಬ್ಬರು ಇನ್ಶೂರೆನ್ಸ್ ಡೈರಿ ಕೊಡುತ್ತಾರೆ. ಜನವರಿ 12ರವರೆಗೆ ಬರೆಯುತ್ತೇನೆ. ಆಮೇಲೆ ಅದರಲ್ಲಿ ಹಾಲಿನ ಲೆಕ್ಕ.

ಈ ಡೈರಿಯಲ್ಲಿ ದೊಡ್ಡ ರಾಜಕೀಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಸಿಕ್ಕಿದ ಸುಖ ಬೇರೆ. ಅಧ್ಯಕ್ಷನಾಗಿದ್ದಾಗ ಬೆಳಗಿನ ಜಾವ ಪೊಟೋಮ್ಯಾಕ್ ನದಿಯಲ್ಲಿ ಈಜುತ್ತಿದ್ದ. 1825ರ ಜೂನ್‌ನಲ್ಲಿ ಒಂದು ದಿನ ದೋಣಿಗೆ ನೀರು ತುಂಬಿ, ಬಟ್ಟೆ ಬಹುಪಾಲು ಹೋಗಿ, ದೇಶದ ಅಧ್ಯಕ್ಷ ಅರೆಬೆತ್ತಲೆಯಾಗಿ ದಡ ಸೇರಿದ. ಇದನ್ನು ಬೇರೆ ಯಾರಾದರೂ ಮುಚ್ಚಿಡುತ್ತಿದ್ದರು. ಇವನು ಕೂತು ಬರೆದಿಟ್ಟ.

ಆ ಕಾಲದ ಉಳಿದವರ ಕಾಗದಗಳ ಗತಿ ನೋಡಿದರೆ ಬೇಜಾರಾಗುತ್ತದೆ. ಗಂಡ ತೀರಿಕೊಂಡ ಮೇಲೆ ಮೊದಲ ಅಧ್ಯಕ್ಷನ ಹೆಂಡತಿ ಮಾರ್ಥಾ ವಾಷಿಂಗ್ಟನ್ ತಮ್ಮಿಬ್ಬರ ಪತ್ರಗಳನ್ನು ಸುಟ್ಟಳು, ಉಳಿದಿದ್ದು ಬೆರಳೆಣಿಕೆಯಷ್ಟು. ಜೆಫರ್ಸನ್ ಮತ್ತು ಅವನ ಹೆಂಡತಿ ಬರೆದುಕೊಂಡ ಪತ್ರಗಳೂ ಇಲ್ಲ. ವಾಷಿಂಗ್ಟನ್‌ನ ಪತ್ರಗಳನ್ನು ಸಂಪಾದಿಸಿದ ಜೇರೆಡ್ ಸ್ಪಾರ್ಕ್ಸ್ ಎಂಬ ಮಹಾನುಭಾವ, ಅಧ್ಯಕ್ಷನ ಮೊದಲ ಭಾಷಣಕ್ಕಾಗಿ ಸಿದ್ಧವಾಗಿ ಬಳಕೆಯಾಗದೆ ಉಳಿದಿದ್ದ ಕರಡನ್ನು ತುಂಡು ತುಂಡಾಗಿ ಕತ್ತರಿಸಿ ನೆನಪಿನ ಕಾಣಿಕೆ ಅಂತ ಸ್ನೇಹಿತರಿಗೆ ಹಂಚಿದ. ದೇವಸ್ಥಾನದ ಪ್ರಸಾದ ಹಂಚಿದ ಹಾಗೆ! ನಾಲ್ಕನೇ ಅಧ್ಯಕ್ಷ ಮ್ಯಾಡಿಸನ್ ಮುಪ್ಪಿನಲ್ಲಿ ತನ್ನ ಹಳೇ ಪತ್ರಗಳನ್ನೇ ತಿದ್ದುತ್ತಾ ಕೂತ.

ಆಡಮ್ಸ್ ಮನೆಯಲ್ಲೂ ಸುಡುವ ಮಾತು ಬಂದಿತ್ತು. ಅಪ್ಪ ಆಡಮ್ಸ್‌ನ ಹೆಂಡತಿ ಅಬಿಗೇಲ್ ತನ್ನ ಪತ್ರಗಳನ್ನು ಸುಟ್ಟುಬಿಡಿ ಅಂತ ಗಂಡನಿಗೆ ಬರೆದಳು. ಹಾಗೆ ಸುಡಬೇಕಾದರೆ ಮೊದಲು ನಿನ್ನನ್ನೇ ಮರೆಯಬೇಕು ಅನ್ನುವ ಅರ್ಥದಲ್ಲಿ 1776ರ ಏಪ್ರಿಲ್‌ನಲ್ಲಿ ಅವನ ಉತ್ತರ. ಸುಟ್ಟಿದ್ದರೆ, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ನೆನಪಿಡಿ ಅಂತ ಅವಳು ಹಿಂದಿನ ತಿಂಗಳಷ್ಟೇ ಬರೆದ ಪತ್ರವೂ ಹೋಗುತ್ತಿತ್ತು. ಗಂಡ ಹೆಂಡಿರ ನಡುವಿನ ಸಾವಿರದ ನೂರಕ್ಕೂ ಜಾಸ್ತಿ ಪತ್ರಗಳು ಉಳಿದಿವೆ. ಅವರ ಸೊಸೆ ಲೂಯಿಸಾ ಕ್ಯಾಥರಿನ್ ಬರೆದಿದ್ದೂ ಉಳಿದಿದೆ. 1815ರಲ್ಲಿ ಪುಟ್ಟ ಮಗನನ್ನು ಕಟ್ಟಿಕೊಂಡು ರಷ್ಯಾದ ಪೀಟರ್ಸ್‌ಬರ್ಗ್‌ನಿಂದ ಪ್ಯಾರಿಸ್‌ಗೆ ಸುಮಾರು ನಲವತ್ತು ದಿನ ಹಿಮದಲ್ಲಿ ಪ್ರಯಾಣ ಮಾಡಿದವಳು ಅವಳು. ತನ್ನ ಜೀವನ ಬರೆದಾಗ ಅದಕ್ಕೆ ಇಟ್ಟ ಹೆಸರು, 'ಏನೂ ಅಲ್ಲದವಳೊಬ್ಬಳ ಸಾಹಸಗಳು' ಅಂತ. ನನ್ನ ಅಣ್ಣನ ಮಗಳು ಅದನ್ನು ಎರಡು ಸಲ ಓದಿ, ಏನೂ ಹೇಳದೆ ಪೆನ್ಸಿಲ್‌ನಲ್ಲಿ ಬರೆದುಕೊಂಡಳು.

ಕಾಗದ ಉಳಿದರೆ ಅದರಲ್ಲಿ ಬರೆದವನಿಗೆ ಇಷ್ಟವಾಗದ್ದೂ ಉಳಿಯುತ್ತದೆ. ಜೆಫರ್ಸನ್‌ನ ಫಾರ್ಮ್ ಬುಕ್, ಅಂದರೆ ಜಮೀನಿನ ಲೆಕ್ಕದ ಪುಸ್ತಕ, ಅದೂ ಈ ಸೊಸೈಟಿಯಲ್ಲೇ ಇದೆ. ಅದರ ಪುಟಗಳನ್ನು ಅಲ್ಲಿನ ಕಂಪ್ಯೂಟರ್‌ನಲ್ಲಿ ನೋಡಿದೆ. ಎಲ್ಲರೂ ಸಮಾನರು ಅಂತ ಬರೆದ ಅದೇ ಅಚ್ಚುಕಟ್ಟು ಕೈಬರಹ. ಗುಲಾಮರ ಹೆಸರು, ಮಕ್ಕಳ ಹೆಸರು, ಯಾರಿಗೆ ಎಷ್ಟು ಬಟ್ಟೆ, ಯಾರಿಗೆ ಕಂಬಳಿ. ಸಾಲು ಸಾಲಾಗಿ. ಒಂದೂ ಚಿತ್ತಿಲ್ಲದ ಹಾಗೆ ಬರೆದಿದ್ದಾನಲ್ಲ ಅನ್ನುವುದೇ ಜಾಸ್ತಿ ಚುಚ್ಚಿತು. ಸ್ವಲ್ಪ ಹೊತ್ತು ಕೂತಿದ್ದು ಎದ್ದುಬಂದೆ.

ಸಂಜೆ ಪಾರ್ಕ್ ಸ್ಟ್ರೀಟ್ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದಾಗ ಹುಡುಗಿ ಫೋನ್ ತೆಗೆದಳು. ಇವರೆಲ್ಲರ ಪತ್ರಗಳನ್ನೂ ಒಂದೇ ಕಡೆ ಹುಡುಕಬಹುದಾದ ಫೌಂಡರ್ಸ್ ಆನ್‌ಲೈನ್ ಅನ್ನುವ ಜಾಲತಾಣ 2013ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. "ನಮ್ಮ ಕಡೆಯವರು ಯಾರಾದರೂ ಇದಾರಾ ನೋಡೋಣ" ಅಂತ ಸುಮ್ನೆ ಹೈದರ್ ಹೆಸರು ಹಾಕಿದಳು. ಬಂತು! ಒಂದಲ್ಲ, ಸಾಕಷ್ಟು. ಆಗಿನವರು ಆಲಿಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ, ಹಾಗಾಗಿ ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಬೇಕು. ಹಾಲೆಂಡಿನಲ್ಲಿ ಸಾಲಕ್ಕಾಗಿ ಅಲೆಯುತ್ತಿದ್ದ ಜಾನ್ ಆಡಮ್ಸ್ ಯೂರೋಪಿನ ಸುದ್ದಿ ಕಳಿಸುವಾಗ ಹೈದರನ ಯುದ್ಧದ ಸುದ್ದಿಯನ್ನೂ ಸೇರಿಸುತ್ತಾನೆ. ಇಬ್ಬರಿಗೂ ಶತ್ರು ಒಬ್ಬನೇ ತಾನೆ. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಹಡಗಿಗೇ ಹೈದರ್ ಆಲಿ ಅಂತ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗು ಜನರಲ್ ಮಂಕ್ ಅನ್ನು ಹಿಡಿದುಹಾಕಿತು.

ನಮ್ಮ ಟ್ರೈನ್ ಬಂದು ನಿಂತಿತು. ನಾನು ಎದ್ದೆ.

"ಕೂತ್ಕೊಳ್ಳಿ ಚಿಕ್ಕಪ್ಪ, ಮುಂದಿನದ್ದರಲ್ಲಿ ಹೋಗೋಣ. ಟಿಪ್ಪು ಹಾಕಿದೀನಿ, ಜೆಫರ್ಸನ್ ಬಂದ. 1788, ಪ್ಯಾರಿಸ್, ಟಿಪ್ಪುವಿನ ರಾಯಭಾರಿಗಳು ಬಂದಿದ್ದಾರೆ ಅಂತ ಬರೀತಿದಾನೆ."

ಬಾಗಿಲು ಮುಚ್ಚಿಕೊಂಡು ಗಾಡಿ ಹೋಯಿತು. ಅದು ಆಶ್‌ಮಾಂಟ್ ಗಾಡಿಯೋ ಬ್ರೇನ್‌ಟ್ರೀ ಗಾಡಿಯೋ ಅಂತ ಈ ಸಲ ನೋಡಲೇ ಇಲ್ಲ.