ಮಳೆ ಬಂದರೆ ಏರುವ ಲೆವೆಲ್

ಕಾರ್ಖಾನೆಯ ಪಿಎಲ್‌ಸಿಗೆ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಬರುವ ಅನಲಾಗ್ ರೀಡಿಂಗ್, ಅಂದರೆ ಲೆವೆಲ್‌ನಂಥ ಅಳತೆ, ತಪ್ಪು ಬರ್ತಿದೆ ಅಂದ ತಕ್ಷಣ ಲ್ಯಾಪ್‌ಟಾಪ್ ತೆರೆಯುವವರೇ ಜಾಸ್ತಿ. ನಾನು ಮೊದಲು ಮೀಟರ್ ತೆಗೆಯುತ್ತೇನೆ. ಕರೆಂಟ್ ಅಳೆಯದೆ ಸ್ಕೇಲಿಂಗ್, ಅಂದರೆ ಆ ಕರೆಂಟನ್ನು ಅಳತೆಯಾಗಿ ತಿರುಗಿಸುವ ಪ್ರೋಗ್ರಾಮ್‌ನ ಲೆಕ್ಕ, ಮುಟ್ಟಲೇಬಾರದು.

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್‌ಗೆ ನೀರು ಕೊಡುವ ಟ್ಯಾಂಕ್ ಇತ್ತು. ಗೇಜ್ ಗ್ಲಾಸ್‌ನಲ್ಲಿ ನೀರು 60%, ಸ್ಕ್ರೀನ್ ಮೇಲೆ 70%. ಬಿಸಿಲಿದ್ದಾಗ ಸರಿ, ಮಳೆ ಹಿಡಿದರೆ ತಪ್ಪು. ಪ್ರೋಗ್ರಾಮ್‌ನಲ್ಲಿ 10 ಕಳೆದುಬಿಡೋಣ ಅಂತ ಅಲ್ಲಿಯವರು ಹೊರಟಿದ್ದರು. ಹಾಗೆ ಮಾಡಿದ್ದರೆ ಬಿಸಿಲು ಬಂದ ದಿನ 60 ಇದ್ದದ್ದು 50 ಅಂತ ಕಾಣುತ್ತಿತ್ತು. ಸ್ಕ್ರೀನ್ 90 ತೋರಿಸುವಾಗಲೇ ಟ್ಯಾಂಕ್ ತುಂಬಿ ಹರಿಯುತ್ತಿತ್ತು, ಅಲ್ವಾ?

ಟ್ಯಾಂಕ್‌ನ ಟ್ರಾನ್ಸ್‌ಮಿಟರ್ (ಲೆವೆಲ್ ಅಳೆಯುವ ಉಪಕರಣ) ಆ ಲೆವೆಲ್ಲನ್ನು ಕರೆಂಟಾಗಿ ಕಳಿಸುತ್ತದೆ: 0% ಅಂದರೆ 4 ಮಿಲಿಆಂಪ್, 100% ಅಂದರೆ 20. ಈ 4-20 ಮಿಲಿಆಂಪ್ ಲೂಪ್‌ನಲ್ಲಿ 60% ಅಂದರೆ 13.6, 70% ಅಂದರೆ 15.2. ಲೆವೆಲ್ ನೋಡಿ ಪಂಪನ್ನು ತಾನೇ ನಿಯಂತ್ರಿಸುವ ಇಂಟರ್‌ಲಾಕ್ ಮ್ಯಾನುವಲ್‌ಗೆ ಹಾಕಿಸಿ, ಪ್ಯಾನೆಲ್‌ನಲ್ಲಿ ಲೂಪ್ ಬಿಚ್ಚಿ ಮೀಟರ್ ಸೇರಿಸಿದೆ. 15.2 ಬಂತು. ಈ ಕರೆಂಟನ್ನು ಓದುವ ಪಿಎಲ್‌ಸಿ ಕಾರ್ಡ್‌ನಲ್ಲಿ ರಾ ವ್ಯಾಲ್ಯೂ (ಸ್ಕೇಲಿಂಗ್‌ಗೆ ಮುಂಚಿನ ಸಂಖ್ಯೆ) 19354ರ ಹತ್ತಿರ ಇತ್ತು. ಸೀಮೆನ್ಸ್ ಕಾರ್ಡ್‌ಗೆ 4 ಮಿಲಿಆಂಪ್ ಅಂದರೆ 0, 20 ಮಿಲಿಆಂಪ್ ಅಂದರೆ 27648; ಅದರ 70% ಇಷ್ಟೇ, ಹಾಗಾಗಿ ಲೆಕ್ಕ ಸರಿಹೋಯಿತು. ಕಾರ್ಡೂ ಪ್ರೋಗ್ರಾಮೂ ತಮಗೆ ಬಂದ ಕರೆಂಟನ್ನು ಸರಿಯಾಗಿಯೇ ಓದುತ್ತಿದ್ದವು.

ಆಮೇಲೆ ಟ್ಯಾಂಕ್ ಹತ್ತಿರ ಹೋಗಿ ಟ್ರಾನ್ಸ್‌ಮಿಟರ್‌ನ ಟರ್ಮಿನಲ್‌ನಲ್ಲೇ ಅಳೆದರೆ 13.6! ಒಂದೇ ಲೂಪ್, ಎರಡು ಕರೆಂಟ್. ಮಧ್ಯದಲ್ಲಿ 1.6 ಮಿಲಿಆಂಪ್ ಬೇರೆ ದಾರಿ ಹಿಡಿದಿತ್ತು. ಜಂಕ್ಷನ್ ಬಾಕ್ಸ್ ತೆರೆದಾಗ ಒಳಗೆ ನೀರು, ಟರ್ಮಿನಲ್ ಮೇಲೆಲ್ಲ ಹಸಿರು ಕಿಲುಬು. ಪ್ಲಸ್ಸಿನಿಂದ ಮೈನಸ್ಸಿಗೆ ಆ ಒದ್ದೆಯ ಮೂಲಕ ಕರೆಂಟ್ ಸೋರುತ್ತಿತ್ತು. ಸಪ್ಲೈಗೂ ಸಿಗ್ನಲ್‌ಗೂ ಅದೇ ಎರಡು ವೈರ್ ಇರುವ ಟೂ-ವೈರ್ ಲೂಪ್‌ನಲ್ಲಿ ಈ ಸೋರಿಕೆ ಟ್ರಾನ್ಸ್‌ಮಿಟರ್‌ನ ಕರೆಂಟಿಗೆ ಕೂಡಿಕೊಳ್ಳುತ್ತದೆ. ಅದಕ್ಕೇ ಮಳೆಯಲ್ಲಿ ರೀಡಿಂಗ್ ಏರುವುದು.

ಕೇಬಲ್ ಬಾಕ್ಸ್‌ನ ಮೇಲ್ಭಾಗದಿಂದ ಇಳಿದಿತ್ತು, ಗ್ಲ್ಯಾಂಡ್ (ಕೇಬಲ್ ಒಳಹೋಗುವ ತೂತನ್ನು ಬಿಗಿಯಾಗಿ ಮುಚ್ಚುವ ಭಾಗ) ಸಡಿಲ. ಮಳೆನೀರಿಗೆ ಇನ್ನೇನು ಬೇಕು? ಹೊಸ ಟರ್ಮಿನಲ್ ಹಾಕಿ, ಕೇಬಲ್‌ಗೆ ಒಂದು ಬಾಗು ಕೊಟ್ಟು ಕೆಳಗಿನಿಂದ ಒಳಗೆ ತಂದೆವು. ಕರಾವಳಿ, ಮಲೆನಾಡಿನಲ್ಲಿ ಕೆಲಸ ಮಾಡುವವರು ಹೊಸ ಪ್ಯಾನೆಲ್ ಕಟ್ಟುವಾಗಲೇ ಇದನ್ನು ಹಟ ಹಿಡಿದು ಮಾಡಿಸಬೇಕು ಅನ್ನುತ್ತೇನೆ.

ರೀಡಿಂಗ್ ಕುಣಿಯುತ್ತಿದ್ದರೆ ಕಥೆ ಬೇರೆ. ಪಕ್ಕದ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ನಿಲ್ಲಿಸಿ ನೋಡಿ. ಕುಣಿತ ನಿಂತರೆ ಸಿಗ್ನಲ್ ಕೇಬಲ್‌ನ ಶೀಲ್ಡ್ (ವೈರ್‌ಗಳ ಸುತ್ತಲಿನ ಲೋಹದ ಹೊದಿಕೆ) ಎಲ್ಲೆಲ್ಲಿ ಅರ್ಥ್ ಆಗಿದೆ ಹುಡುಕಿ. ಇಂಥ ಸಿಗ್ನಲ್ ಕೇಬಲ್‌ಗೆ ಸಾಮಾನ್ಯವಾಗಿ ಪ್ಯಾನೆಲ್ ಕಡೆ ಮಾತ್ರ ಅರ್ಥ್ ಸಾಕು. ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಓಡಿದೆಯಾ ಅಂತಲೂ ನೋಡಿ.

ಇನ್ನೊಂದನ್ನು ಬೇಗ ಯಾರೂ ಗುರುತಿಸುವುದಿಲ್ಲ. ಕೆಳಗಿನ ರೀಡಿಂಗ್ ಎಲ್ಲಾ ಸರಿ, ಆದರೆ ಲೆವೆಲ್ 75% ಹತ್ತಿರ, ಅಂದರೆ 16 ಮಿಲಿಆಂಪ್‌ಗೆ ಬಂದು ನಿಂತುಬಿಡುತ್ತದೆ. ಟ್ರಾನ್ಸ್‌ಮಿಟರ್ ಕೆಟ್ಟಿದೆ ಅಂತ ಬದಲಿಸುತ್ತಾರೆ, ಹೊಸದೂ ಅಲ್ಲೇ ನಿಲ್ಲುತ್ತದೆ. ಕರೆಂಟ್ ಹೆಚ್ಚಾದಂತೆ ದಾರಿಯ ರೆಸಿಸ್ಟೆನ್ಸ್ ಜಾಸ್ತಿ ವೋಲ್ಟ್ ತಿನ್ನುತ್ತದೆ. 24 ವೋಲ್ಟ್ ಸಪ್ಲೈ, ಟ್ರಾನ್ಸ್‌ಮಿಟರ್‌ಗೆ ಕನಿಷ್ಠ 12 ವೋಲ್ಟ್ ಬೇಕು ಅಂದರೆ, 20 ಮಿಲಿಆಂಪ್ ಮುಟ್ಟಲು ಇಡೀ ಲೂಪ್ 600 ಓಮ್ ಒಳಗೆ ಇರಬೇಕು. ರೀಡಿಂಗ್ ಮೇಲೆ ನಿಂತಿರುವಾಗಲೇ ಟ್ರಾನ್ಸ್‌ಮಿಟರ್ ಟರ್ಮಿನಲ್‌ನಲ್ಲಿ ವೋಲ್ಟ್ ಅಳೆಯಿರಿ. ಆ 12ಕ್ಕಿಂತ ಕಮ್ಮಿ ಸಿಕ್ಕರೆ ಸಪ್ಲೈ ಅಥವಾ ಸಡಿಲ ಜಾಯಿಂಟ್ ಹುಡುಕಿ.