ಕೆನ್ನೆಗೆ ತಿಳಿಯದ್ದು ತಕ್ಕಡಿಗೆ ತಿಳಿಯಿತು

"ಅದೇನು, ಮಕ್ಕಳ ಆಟಿಕೆ ಮಾಡೋ ಕೆಲಸಾನಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದಾಗ ಹೂಂ ಅಂದುಬಿಟ್ಟೆ. ಬಿಡಿಸಿ ಹೇಳಲು ಹೋದರೆ ಅರ್ಧ ಗಂಟೆಯಾದರೂ ಬೇಕು. ಇಲ್ಲಿ ನಲವತ್ತು ಐವತ್ತು ದಾಟಿದವರು ವಾರದ ಕೊನೆಗೆ ಮೇಜಿನ ಸುತ್ತ ಕೂತು, ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಸೈನಿಕರನ್ನೂ ರಾಕ್ಷಸರನ್ನೂ ನಡೆಸುತ್ತಾ ದಾಳ ಉರುಳಿಸಿ ಯುದ್ಧ ಆಡುತ್ತಾರೆ. ಆ ಬೊಂಬೆಗಳು ಓಡಾಡಲು ಕೋಟೆ, ಸುರಂಗ, ಪಾಳುಬಿದ್ದ ಗೋಪುರ ಎಲ್ಲ ಬೇಕಲ್ಲ. ಅವನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಜೋಡಿಸಿ, ಬಣ್ಣ ಬಳಿಯುವುದು ನನ್ನ ಕೆಲಸ.

ಊರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ವಾರ್‌ಹ್ಯಾಮರ್ ಎಂಬ ಇಂಥದ್ದೇ ಬೊಂಬೆ ಯುದ್ಧದ ಆಟ ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಮುಖ್ಯ ಕಚೇರಿ ಇರುವುದು ಇಲ್ಲೇ. ಅದರ ಸುತ್ತಮುತ್ತ ಇಂಥ ಬೊಂಬೆ ಮಾಡುವ ಸಣ್ಣಪುಟ್ಟ ಕಂಪನಿಗಳು ಎಷ್ಟು ಬೆಳೆದಿವೆ ಎಂದರೆ ಈ ಭಾಗಕ್ಕೆ 'ಲೆಡ್ ಬೆಲ್ಟ್' (ಸೀಸದ ಪಟ್ಟಿ) ಅಂತಲೇ ಅಡ್ಡಹೆಸರು. ಬೊಂಬೆಗಳನ್ನು ಸೀಸ ಬೆರೆಸಿ ಎರಕ ಹೊಯ್ಯುತ್ತಿದ್ದ ಕಾಲದ ನೆನಪು ಅದು. ನಾನಿರುವುದು ಅಂಥ ದೊಡ್ಡ ಜಾಗದಲ್ಲಲ್ಲ. ಮೂರೇ ಜನರ ಒಂದು ಶೆಡ್ಡಿನಲ್ಲಿ.

ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಶಿಲ್ಪಕಲೆ ಓದಿದವಳು ನಾನು. ಪ್ಲಾಸ್ಟರ್ ನನಗೆ ಗೊತ್ತು ಎಂಬ ಜಂಬ ಇತ್ತು. ಬಕೆಟ್ಟಿನ ನೀರಿಗೆ ಪುಡಿ ಉದುರಿಸುತ್ತಾ ಹೋಗುವುದು, ಅದು ನೀರಿನ ಮೇಲೆ ಪುಟ್ಟ ದ್ವೀಪದ ಹಾಗೆ ತಲೆ ಎತ್ತಿದರೆ ಸಾಕು ಮಾಡುವುದು, ಕೈ ಹಾಕಿ ಕದಡುವುದು. ಅಳತೆ ಗಿಳತೆ ಏನಿಲ್ಲ, ಎಲ್ಲ ಹದದ ಮೇಲೆ. ಆಳೆತ್ತರದ ವಿಗ್ರಹಕ್ಕೆ ಅದು ನಡೆಯುತ್ತದೆ. ಇಲ್ಲಿನ ಅಚ್ಚುಗಳು ಬೇರೆ. ಸಿಲಿಕೋನಿನವು. ಅಮೆರಿಕದ ಬ್ರೂಸ್ ಹರ್ಸ್ಟ್ ಅವರ 'ಹರ್ಸ್ಟ್ ಆರ್ಟ್ಸ್' ಅಚ್ಚುಗಳನ್ನು ಈ ಹವ್ಯಾಸದವರು ಬಲ್ಲರು, ಆ ಜಾತಿಯವು. ಒಂದೊಂದರಲ್ಲೂ ಅರ್ಧ ಇಂಚಿನ, ಕಾಲು ಇಂಚಿನ ಕಲ್ಲುಗಳ ಗುಳಿಗಳು. ನೆಲದ ಒಂದಿಂಚಿನ ಚೌಕ ಎಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಲೆಕ್ಕದಲ್ಲಿ ಐದು ಅಡಿ. ಅಷ್ಟು ಚಿಕ್ಕ ಕಲ್ಲಿನ ಮೂಲೆಯಲ್ಲಿ ಒಂದು ಗಾಳಿಗುಳ್ಳೆ ಕೂತರೂ ಮೂಲೆಯೇ ಹೋಯಿತು.

ಗುಳ್ಳೆ ತಪ್ಪಿಸಲು ನಾನು ಕಂಡುಕೊಂಡ ಉಪಾಯ, ನೀರು ಜಾಸ್ತಿ ಮಾಡುವುದು. ದೋಸೆ ಹಿಟ್ಟಿನ ಹದ ಬಿಟ್ಟು ನೀರುದೋಸೆಯ ಹದಕ್ಕೆ ಬಂದೆ. ಪ್ಲಾಸ್ಟರ್ ಸಲೀಸಾಗಿ ಮೂಲೆಮೂಲೆಗೂ ಇಳಿಯಿತು. ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನವೆಂಬರಿನಲ್ಲಿ ಒಂದು ನೆಲಮಾಳಿಗೆಯ ಸೆಟ್ಟಿನ ಆರ್ಡರ್ ಬಂತು: ಕೋಣೆಗಳು, ಓಣಿಗಳು, ಒಂದು ಬಾವಿ. ಪ್ಲಾಸ್ಟರ್ ಒಣಗಿದೆಯೇ ಎಂದು ತಿಳಿಯಲು ತುಂಡನ್ನು ಕೆನ್ನೆಗೆ ಒತ್ತಿ ನೋಡುವುದು ಹಳೆಯ ವಾಡಿಕೆ. ತಣ್ಣಗಿದ್ದರೆ ಒಳಗೆ ಇನ್ನೂ ಪಸೆ ಇದೆ ಅಂತ ಅರ್ಥ. ಒತ್ತಿ ನೋಡಿದೆ, ತಣ್ಣಗಿತ್ತು. ಆದರೆ ಶೆಡ್ಡೇ ತಣ್ಣಗಿದೆ, ನನ್ನ ಕೆನ್ನೆಯೂ ತಣ್ಣಗಿದೆ, ಕಲ್ಲೊಂದು ಯಾಕೆ ಬೆಚ್ಚಗಿರಬೇಕು ಅಂದುಕೊಂಡು ಜೋಡಿಸಲು ಕೂತೆ. ಪಿವಿಎ ಗೋಂದು (ನಮ್ಮ ಫೆವಿಕಾಲ್ ಕುಲದ್ದೇ), ಅದರ ಮೇಲೆ ಗೋಂದು ಬೆರೆಸಿದ ಕಪ್ಪು, ಕಪ್ಪಿನ ಮೇಲೆ ಬೂದಿಯ ಮೂರು ಛಾಯೆ. ಫೋಮ್ ತುಂಬಿದ ಡಬ್ಬಿಗೆ ಹಾಕಿ ಕಳಿಸಿದೆವು.

ಮೂರು ವಾರಕ್ಕೆ ಗ್ರಾಹಕರಿಂದ ಫೋಟೋ ಬಂತು. ಗೋಡೆಯ ಬಣ್ಣ ಬಿಸಿಲಿಗೆ ಸುಲಿದ ಚರ್ಮದ ಹಾಗೆ ಎದ್ದಿತ್ತು. ಒಂದು ಕೋಣೆಯ ಮೂಲೆಯಲ್ಲಿ ಬೂಷ್ಟು. ಗೋಂದು ಇನ್ನೂ ಹಾಲಿನಂತೆ ಬೆಳ್ಳಗೇ ಇದ್ದು, ಬಾವಿಯ ಕಟ್ಟೆ ಕೈಗೆ ಬಂದಿತ್ತು.

ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಮತ್ತೆ ಎರಕ ಹೊಯ್ದೆ. ಈ ಸಲ ಒಣಗಿಸಿಯೇ ತೀರುವುದೆಂದು ಓವನ್ನಿಗೆ ಹಾಕಿ 120 ಡಿಗ್ರಿಗೆ ತಿರುಗಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಲ್ಲುಗಳ ಅಂಚು ಬೆರಳಿಗೆ ಸೀಮೆಸುಣ್ಣದಂತೆ ಉದುರಿತು. ಕಾರಣ ಕಾಲೇಜಿನ ಪಾಠದಲ್ಲೇ ಇತ್ತು, ನಾನು ಮರೆತಿದ್ದೆ. ಜಿಪ್ಸಮ್ಮನ್ನು ಸುಟ್ಟು ಅದರೊಳಗಿನ ನೀರಿನ ಮುಕ್ಕಾಲು ಪಾಲು ತೆಗೆದರೆ ಪ್ಲಾಸ್ಟರ್ ಪುಡಿ. ಪುಡಿಗೆ ನೀರು ಕೊಟ್ಟರೆ ಮತ್ತೆ ಜಿಪ್ಸಮ್, ಗಟ್ಟಿ ಕಲ್ಲು. ಅದನ್ನು ಪುನಃ ಸುಟ್ಟರೆ? ಹೊರಟಲ್ಲಿಗೇ ವಾಪಸ್ಸು. 50 ಡಿಗ್ರಿಯೊಳಗೆ, ಗಾಳಿ ಆಡುವಲ್ಲಿ ಒಣಗಿಸಬೇಕಿತ್ತು.

ಅವತ್ತು ಮಾಲೀಕರು ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ನನ್ನ ಮೇಜಿನ ಮೇಲಿಟ್ಟು, ಏನೂ ಹೇಳದೆ ಚಹಾ ಮಾಡಲು ಹೋದರು. ಇಂಗ್ಲಿಷರ ಕೋಪ ಹೀಗೇ ಇರುತ್ತದೇನೋ.

ಕಾಗದ ತೆಗೆದು ಲೆಕ್ಕ ಹಾಕಿದೆ. ನೂರು ಗ್ರಾಂ ಪುಡಿ ಗಟ್ಟಿಯಾಗಲು ನಿಜಕ್ಕೂ ಬೇಕಾದ ನೀರು ಸುಮಾರು 19 ಗ್ರಾಂ. ಹೊಯ್ಯಲು ಬರಬೇಕಲ್ಲ ಅಂತ ಸಾಧಾರಣವಾಗಿ 60 ಹಾಕುತ್ತಾರೆ, ನಾನು ಅಂದಾಜಿನ ಮೇಲೆ 80ರಷ್ಟು ಹಾಕುತ್ತಿದ್ದೆ. 60 ಹಾಕಿದರೇ 160 ಗ್ರಾಂ ಮುದ್ದೆ ಒಣಗಿ 119ಕ್ಕೆ ಇಳಿಯಬೇಕು, ಅಂದರೆ ಕಾಲು ಭಾಗ ತೂಕ ಗಾಳಿಗೆ. ನನ್ನ 180 ಕೂಡ ಇಳಿಯಬೇಕಾದದ್ದು ಅದೇ 119ಕ್ಕೆ. ಆ ನೀರಿದ್ದ ಜಾಗವೆಲ್ಲ ಸಣ್ಣ ಸಣ್ಣ ತೂತು, ಅದಕ್ಕೇ ಕಲ್ಲು ಮೆದು. ಬಣ್ಣ ಎದ್ದದ್ದು, ಬೂಷ್ಟು, ಕಿತ್ತು ಬಂದ ಬಾವಿ ಎಲ್ಲ ಬಣ್ಣದ ತಪ್ಪೆಂದು ನಾನು ಡಬ್ಬಿಗಳ ಲೇಬಲ್ ಓದುತ್ತಾ ಕೂತಿದ್ದೆ. ತಪ್ಪು ಮೊದಲ ದಿನದ ನೀರಿನ ಲೋಟದಲ್ಲಿತ್ತು.

ಈಗ ಹಲ್ಲಿನ ಡಾಕ್ಟರುಗಳು ಬಳಸುವ ಡೆಂಟಲ್ ಸ್ಟೋನ್ ಹೊಯ್ಯುತ್ತೇನೆ. ನೂರಕ್ಕೆ 30 ಗ್ರಾಂ ನೀರು ಸಾಕು. ಬೆಲೆ ಜಾಸ್ತಿ, ಕಲ್ಲು ಮಾತ್ರ ಕೆಳಗೆ ಬಿದ್ದರೆ ಟಣ್ ಅನ್ನುತ್ತದೆ. ಗುಳ್ಳೆಗೆ ಮದ್ದು ನೀರಲ್ಲ. ಅಚ್ಚಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಸಿಂಪಡಿಸಿ, ಹೊಯ್ದ ಮೇಲೆ ಮೇಜನ್ನು ಗುದ್ದುವುದು. ಇನ್ನೊಂದು, ಬಟ್ಟಲಿನಲ್ಲಿ ಹಿಂದಿನ ಸಲದ ಚೂರು ಉಳಿದಿದ್ದರೆ ಹೊಸ ಪ್ಲಾಸ್ಟರ್ ಬೇಗ ಬಿಗಿಯುತ್ತದೆ, ಹೆಪ್ಪು ಹಾಕಿದ ಹಾಗೆ. ಅರ್ಧ ಅಚ್ಚು ತುಂಬುವಷ್ಟರಲ್ಲಿ ಗಟ್ಟಿಯಾದ ಮೇಲೆ ಬಟ್ಟಲು ಉಜ್ಜಿ ತೊಳೆಯಲು ಕಲಿತೆ. ಬಕೆಟ್ಟಿನಲ್ಲಿ ತೊಳೆಯಬೇಕು, ಸಿಂಕಿನಲ್ಲಲ್ಲ. ಪೈಪಿನೊಳಗೂ ಅದು ಗಟ್ಟಿಯಾಗುತ್ತದೆ.

ಜೋಡಿಸುವಾಗ ನಮ್ಮ ಮೇಸ್ತ್ರಿಗಳ ನಿಯಮವೇ ಇಲ್ಲೂ, ಸಂದಿನ ಮೇಲೆ ಸಂದು ಬರಬಾರದು. ಒಣಗಿದ ಕಲ್ಲು ಗೋಂದಿನ ನೀರನ್ನು ಸರಕ್ಕನೆ ಹೀರಿಬಿಡುತ್ತದೆ, ಹಾಗಾಗಿ ತೆಳು ಗೋಂದಿನ ಒಂದು ಕೈ ಮೊದಲು ಸವರಿಕೊಳ್ಳುತ್ತೇನೆ. ಬಣ್ಣದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಧೂಳಿನಷ್ಟನ್ನು ಅಂಚುಗಳ ಮೇಲೆ ಆಡಿಸುವುದು. ಅಂಚು ಚೂಪಾಗಿದ್ದರೆ ಕಲ್ಲಿಗೆ ಜೀವ ಬರುತ್ತದೆ. ಅಂಚು ಮೊಂಡಾಗಿದ್ದರೆ, ಗುಳ್ಳೆಯ ಗುರುತಿದ್ದರೆ, ಅದನ್ನೇ ಬೆಳಕಿಗೆ ಹಿಡಿದು ತೋರಿಸುತ್ತದೆ. ಬೂದಿ ಬಣ್ಣವನ್ನಂತೂ ಕಡಿಮೆ ಮಾಡಿದ್ದೇನೆ. ಈ ಊರಿನ ಕೋಟೆ ನಿಂತಿರುವ ಬಂಡೆ ಮರಳುಗಲ್ಲು. ಊಟದ ಬಿಡುವಿನಲ್ಲಿ ಹೋಗಿ ನೋಡಿದರೆ ಅದರಲ್ಲಿ ಹಳದಿ, ಕೆಂಪು, ಪಾಚಿಯ ಹಸಿರು ಎಲ್ಲ ಇದೆ.

ಒಣಗುವ ತಟ್ಟೆಗಳನ್ನು ದಿನಾ ಬೆಳಿಗ್ಗೆ ತೂಗುತ್ತೇನೆ. ಎರಡು ದಿನ ಒಂದೇ ಅಂಕಿ ಬಂದ ಮೇಲೆಯೇ ಗೋಂದಿನ ಡಬ್ಬಿ ತೆರೆಯುವುದು. ನೆಲಮಾಳಿಗೆಯ ಸೆಟ್ಟು ಮೂರನೇ ಸಲಕ್ಕೆ, ಜನವರಿಯ ಕೊನೆಗೆ ಹೋಯಿತು. ಗ್ರಾಹಕರು ಪತ್ರ ಬರೆದರು: ಸೆಟ್ಟು ಚೆನ್ನಾಗಿದೆ, ಆದರೆ ಬಾವಿಯ ತಳದಲ್ಲಿ ಪೆನ್ಸಿಲಿನಲ್ಲಿ 212, 198, 191, 191 ಅಂತ ಇದೆಯಲ್ಲ, ಅದೇನು, ಆಟದ ಗುಪ್ತ ಸಂಕೇತವೇ? ಅಳಿಸಲು ಮರೆತಿದ್ದೆ.